ಹಳೆಯ ವಿದ್ಯಾರ್ಥಿಗಳ ಸ್ಮರಣೆ: ನಮ್ಮೆಲ್ಲರ ಹೊಣೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಬಾಲಕರ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಅದರ ನೆರಳಿನಲ್ಲಿ ಬೆಳೆದ ಬಾಲಕರ ಶಾಲೆಯನ್ನೂ ನೆನೆಯಬೇಕೆಂದು ಹಿರಿಯರು ನಿರ್ಧರಿಸಿದ್ದು ಉಚಿತವಾಗಿದೆ. ಸ್ಮರಣ ಸಂಚಿಕೆಯ ಸಮಿತಿಯವರು ನಮಗೆ ವಹಿಸಿಕೊಟ್ಟ ವಿಷಯ ‘ಶಾಲೆಗೆ ಕೀರ್ತಿ ತಂದ ಹಳೆಯ ವಿದ್ಯಾರ್ಥಿಗಳು’ ಎಂಬುದು. ಸಮಿತಿಯವರ ಅನುಮತಿಯನ್ನು ಪಡೆದು ನಾವು ಆ ಶೀರ್ಷಿಕೆಯಿಂದ ‘ಕೀರ್ತಿ ತಂದ’ ಎಂಬ ಎರಡು ಪದಗಳನ್ನು ತೆಗೆದುಹಾಕಿದ್ದೇವೆ. ಏಕೆ ತೆಗೆದೆವು ಎಂಬುದನ್ನು ವಿವರಿಸುವುದೇ ಇಂದಿನ ನಮ್ಮ ಮಾತು.

ಕೀರ್ತಿವಂತರನ್ನು ನೆನೆಯಬಾರದೆಂದು ನಾವು ಹೇಳುತ್ತಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ಊರುಗಳ ಸೀಮೆಯನ್ನು ಬರದ ಸೀಮೆ, ಕಲ್ಲು ಮಣ್ಣಿನ ಸೀಮೆ ಎಂದು ಹೊರಗಿನವರು ಕರೆದದ್ದುಂಟು. ಆದರೆ ಈ ಮಣ್ಣು ಬಂಜೆಯಲ್ಲ. ಕನ್ನಡಿಗರನ್ನು ನಗಿಸುತ್ತಲೇ ಚಿಂತನೆಗೆ ಹಚ್ಚಿದ ಬೀಚಿಯವರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ಅದೇ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣನವರು ತಮ್ಮ ಊರಿನ ಜನ ಆಡುವ ಮಾತುಗಳನ್ನು ಒಂದೊಂದಾಗಿ ಆಯ್ದು ‘ಚಿಗಟೇರಿ ಪದಕೋಶ’ವನ್ನು ಕಟ್ಟಿಕೊಟ್ಟರು. ರಾಜಕಾರಣವನ್ನೂ ರಂಗಭೂಮಿಯನ್ನೂ ಜೊತೆಯಾಗಿ ನಡೆಸಿಕೊಂಡು ಬಂದು 2011ರಲ್ಲಿ ತೀರಿಕೊಂಡ ಎಂ. ಪಿ. ಪ್ರಕಾಶರಿಗೆ ಹೂವಿನ ಹಡಗಲಿಯೇ ಕರ್ಮಭೂಮಿ. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಮ್ಮ ‘ಅರಮನೆ’ ಕಾದಂಬರಿಗೆ ಪಡೆದ ಕುಂ. ವೀರಭದ್ರಪ್ಪನವರು ಕೊಟ್ಟೂರಿನವರು, ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿ ಬಾಳಿದವರು. ಇವರು ನಮ್ಮ ಶಾಲೆಯ ಮಕ್ಕಳೆಂದು ಹೇಳಿಕೊಳ್ಳುವ ಸಾಹಸ ನಮಗೆ ಬೇಡ. ಇವರು ಇಡೀ ಸೀಮೆಯ ಸೊತ್ತು. ಇಲ್ಲಿನ ಬಿಸಿಲಿನಲ್ಲಿ ಸ್ಲೇಟು ಹಿಡಿದು ನಡೆದ ಹುಡುಗರು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ಇವರು ಸಾಕ್ಷಿ.

ಆದರೆ ಇಂಥವರ ಸ್ಮರಣೆಗೆ ನಮ್ಮ ನೆರವು ಬೇಕಾಗಿಲ್ಲ. ಅವರ ಪುಸ್ತಕಗಳಿವೆ, ಅವರ ಹೆಸರಿನಲ್ಲಿ ಸಭೆಗಳು ನಡೆಯುತ್ತವೆ. ನಮ್ಮ ಶಾಲೆಯಿಂದ ಹೊರಟು ವೈದ್ಯರೋ ಎಂಜಿನಿಯರರೋ ಉಪಾಧ್ಯಾಯರೋ ಗುರುಗಳೋ ಆದವರ ವಿಷಯವೂ ಅಷ್ಟೆ. ಅವರ ಭಾವಚಿತ್ರಗಳು ಈ ಸಂಚಿಕೆಯ ಪುಟಗಳಲ್ಲಿ ಬಂದೇ ಬರುತ್ತವೆ. ಅದು ಸಂತೋಷದ ವಿಷಯ. ಯಾರನ್ನು ನಾವು ಇಂದು ನೆನೆಯದಿದ್ದರೆ ನಾಳೆ ನೆನೆಯುವವರೇ ಇರುವುದಿಲ್ಲವೋ, ಅವರ ಮಾತನ್ನು ನಾವು ಎತ್ತಬೇಕಾಗಿದೆ.

ಶಾಲೆಯ ದಾಖಲಾತಿ ಪುಸ್ತಕಗಳನ್ನು ನಾವು ಈಚೆಗೆ ಪುಟ ಪುಟವಾಗಿ ತಿರುವಿ ನೋಡಿದೆವು. ಅದರಲ್ಲಿರುವುದು ಏನು? ಕ್ರಮ ಸಂಖ್ಯೆ, ಬಾಲಕನ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಹುಟ್ಟಿದ ದಿನವೂ ಅನೇಕ ಸಲ ಮೇಷ್ಟ್ರು ಕೊಟ್ಟದ್ದೇ. ಜೂನ್ 1 ಎಂದು ಬರೆಸಿಕೊಂಡವರು ಈ ಸಭೆಯಲ್ಲಿಯೇ ಎಷ್ಟು ಮಂದಿ ಇದ್ದೀರೆಂಬುದು ನಿಮಗೆ ಗೊತ್ತು. ಈ ಸಾಲುಗಳ ಹಿಂದೆ ನಾಡಿನ ಚರಿತ್ರೆಯೂ ಅಡಗಿದೆ. ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಳ್ವಿಕೆಯಲ್ಲಿದ್ದವು. ಆ ದಿನ ಮೈಸೂರಿಗೆ ಸೇರಿದವು. ಆ ರಾಜ್ಯವೇ 1973ರಲ್ಲಿ ಕರ್ನಾಟಕವೆಂಬ ಹೆಸರು ತಳೆಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕು ಊರುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ತಾತ, ತಂದೆ, ಮೊಮ್ಮಗ ಒಂದೇ ಮನೆಯ ಒಂದೇ ಬಾಗಿಲಿನಿಂದ ಶಾಲೆಗೆ ಹೊರಟರೂ ಮೂವರ ಪತ್ರಗಳಲ್ಲಿ ಮೂರು ಆಡಳಿತಗಳ ಹೆಸರುಗಳಿರುತ್ತವೆ. ಬದಲಾಗದೆ ಉಳಿದದ್ದು ಕೊನೆಯ ಕಲಮು ಒಂದೇ: ಬಿಟ್ಟ ಕಾರಣ. ‘ಬಡತನ’, ‘ದನ ಕಾಯಲು’, ‘ತಂದೆಯ ಮರಣ’, ‘ಗುಳೆ ಹೋಗಿದ್ದಾರೆ’, ‘ಬಹಳ ದಿನಗಳಿಂದ ಗೈರುಹಾಜರು’. ಶಾಲೆಯ ಮಟ್ಟಿಗೆ ಆ ಬಾಲಕನ ಕಥೆ ಅಲ್ಲಿಗೆ ಮುಗಿಯಿತು. ಅವನ ಬಾಳು ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಹೆಸರಿಲ್ಲದೆ ಮರೆಯಾಗುವ ಶಾಲಾ ಬಾಲಕರ ಕಥೆ ಈ ಜಿಲ್ಲೆಗೆ ಹೊಸದಲ್ಲ. ಮದರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳನ್ನೂ ಅಲ್ಲಿ ಓದುವ ಮಕ್ಕಳನ್ನೂ ಎಣಿಸಿ ವರದಿ ಕಳಿಸಬೇಕೆಂದು ಕಲೆಕ್ಟರುಗಳಿಗೆ ತಿಳಿಸಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ತಮ್ಮ ವರದಿಯನ್ನು ಸಲ್ಲಿಸಿದರು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹು ದೊಡ್ಡದು. ಅನಂತಪುರದ ಸೀಮೆಯೂ ಅದರೊಳಗಿತ್ತು. ಅಷ್ಟೂ ಪ್ರದೇಶದಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಎಂದು ಅವರು ಲೆಕ್ಕ ಕೊಟ್ಟಿದ್ದಾರೆ. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು ಕಲಿಸುತ್ತಿದ್ದರು. ಇಂಗ್ಲಿಷ್ ಕಲಿಸುತ್ತಿದ್ದ ಶಾಲೆ ಒಂದೇ ಒಂದು. ಹೆಣ್ಣುಮಕ್ಕಳ ಸಂಖ್ಯೆ ಅರವತ್ತರಷ್ಟು ಮಾತ್ರ. ಜಿಲ್ಲೆಯ ಒಟ್ಟು ಜನಸಂಖ್ಯೆಯೊಡನೆ ಹೋಲಿಸಿದರೆ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಎಳೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದುದನ್ನೂ, ಮುಂದುವರಿದ ಹುಡುಗರು ಹಿಂದಿನವರಿಗೆ ಪಾಠ ಹೇಳಿಕೊಡುತ್ತಿದ್ದುದನ್ನೂ ಅವರು ಮೆಚ್ಚಿಕೆಯಿಂದ ದಾಖಲಿಸಿದ್ದಾರೆ. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ಕಾರಣವನ್ನೂ ಅವರು ಮುಚ್ಚಿಡಲಿಲ್ಲ. ವಿಲಾಯಿತಿ ಬಟ್ಟೆ ಬಂದು ನೇಕಾರರು ಕೆಲಸ ಕಳೆದುಕೊಂಡಿದ್ದಾರೆ, ಜನ ಬಡವಾಗಿದ್ದಾರೆ, ಮಕ್ಕಳ ವಿದ್ಯೆಗೆ ಹಣ ಕೊಡಲು ಅವರಿಗೆ ಶಕ್ತಿಯಿಲ್ಲ, ಎಳೆಯ ಕೈಗಳಿಗೆ ಸ್ವಲ್ಪ ಬಲ ಬಂದೊಡನೆ ಆ ಕೈಗಳು ದುಡಿಮೆಗೆ ಬೇಕಾಗುತ್ತವೆ. ಅವರು ಹೇಳಿದ್ದರ ಸಾರ ಇಷ್ಟು.

ಇನ್ನೂರು ವರ್ಷಗಳ ಹಿಂದಿನ ಈ ಮಾತು ನಮ್ಮ ದಾಖಲಾತಿ ಪುಸ್ತಕದ ಕೊನೆಯ ಕಲಮಿಗಿಂತ ಬೇರೆಯಲ್ಲವೆಂಬುದನ್ನು ಗಮನಿಸಿರಿ. ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ಕ್ಯಾಂಪ್‌ಬೆಲ್ ಅವರು ಬಹು ಶ್ರದ್ಧೆಯಿಂದ ಎಣಿಸಿದ ಆ 6,641 ಮಂದಿಯಲ್ಲಿ ಒಬ್ಬ ಬಾಲಕನ ಹೆಸರೂ ಆ ಲೆಕ್ಕದಲ್ಲಿಲ್ಲ. ಕೊಟ್ಟೂರಿನ ಯಾವ ನೇಕಾರನ ಮಗ ಮಗ್ಗ ನಿಂತದ್ದರಿಂದ ಓದು ಬಿಟ್ಟನೋ, ಹಡಗಲಿಯ ಯಾವ ರೈತನ ಮಗ ಮರಳಿನ ಮೇಲೆ ತನ್ನ ಹೆಸರನ್ನು ಬರೆಯುವಷ್ಟರಲ್ಲಿ ಗಳೆ ಹಿಡಿಯಬೇಕಾಯಿತೋ, ಯಾರೂ ಬಲ್ಲವರಿಲ್ಲ. ಸಂಖ್ಯೆ ಉಳಿಯಿತು, ಮಕ್ಕಳು ಉಳಿಯಲಿಲ್ಲ.

ಊರುಗಳೇ ಮರೆಯಾದ ಅನುಭವವೂ ನಮ್ಮ ಸೀಮೆಗಿದೆ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರ ಹೊತ್ತಿಗೆ ನೀರು ನಿಂತಾಗ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳೂ ಸೇರಿದಂತೆ ಅನೇಕ ಊರುಗಳು ಮುಳುಗಿದವು. ಮನೆ, ಗುಡಿ, ಮಸೀದಿ, ಕಣ, ಬಾವಿಗಳೊಡನೆ ಆ ಊರುಗಳ ಶಾಲೆಗಳೂ ಹೋದವು. ಜನ ಹೊಸ ಊರು ಕಟ್ಟಿಕೊಂಡರು. ನೀರಿನ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ನಾಡು ಅದರಿಂದ ಅನ್ನ ಉಂಡಿದೆ. ಆದರೆ ಆ ಶಾಲೆಗಳು ಇಂದು ಎಲ್ಲಿವೆ? ಅಲ್ಲಿ ಓದಿದವರ ನೆನಪಿನಲ್ಲಿ ಮಾತ್ರ. ಅಂದು ಅಲ್ಲಿ ಐದನೆಯ ತರಗತಿಯಲ್ಲಿದ್ದ ಬಾಲಕನಿಗೆ ಇಂದು ಎಂಬತ್ತರ ಮೇಲಾಗಿದೆ. ಅವನು ಕಣ್ಣು ಮುಚ್ಚಿದ ದಿನ ಆ ಶಾಲೆ ಎರಡನೆಯ ಸಲ ಮುಳುಗುತ್ತದೆ. ಕಟ್ಟಡ ಗಟ್ಟಿಯಾಗಿ ನಿಂತಿದೆಯೆಂದು ನಮ್ಮ ಶಾಲೆಯ ವಿಷಯದಲ್ಲಿ ನಾವು ನಿಶ್ಚಿಂತರಾಗಿರಬಾರದು. ಶಾಲೆಯೆಂದರೆ ಅಲ್ಲಿ ಓದಿದ ಮಕ್ಕಳು; ಅವರ ನೆನಪು ಅಳಿದರೆ ಶಾಲೆಯ ಇತಿಹಾಸವೂ ಅಳಿದಂತೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಈ ಪ್ರಶ್ನೆಗೆ ಉತ್ತರವನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ. ಬಾಲಕರ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳ ಬಾಳನ್ನು ಬರೆದಿಡುವುದು ಹೇಗೆಂಬುದನ್ನು ನಮ್ಮ ಧರ್ಮಸಭೆಯ ಒಬ್ಬ ಗುರುಗಳು ನೂರ ಅರವತ್ತು ವರ್ಷಗಳಿಗೂ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಅವರು ಸಂತ ಜಾನ್ ಬೋಸ್ಕೊ. ಬಾಲಕರ ಪಾಲಕ ಸಂತರೆಂದು ಅವರ ಚಿತ್ರವನ್ನು ನೀವೆಲ್ಲರೂ ಕಂಡಿದ್ದೀರಿ. ಅವರು ತಮ್ಮ ಶಾಲೆಯ ಮಕ್ಕಳ ಚರಿತ್ರೆಕಾರರೂ ಆಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಗುರುಮಠದ ಓದಿನ ದಿನಗಳಲ್ಲಿ ಅವರ ಈ ಬರಹಗಳು ನಮ್ಮ ಕೈಗೆ ಬಂದವು. ಇಂದಿನ ಸಭೆಗೆ ಅವುಗಳ ವಿಷಯವನ್ನು ತಿಳಿಸುವುದು ಉಪಯುಕ್ತವೆಂದು ಭಾವಿಸುತ್ತೇವೆ.

ಜಾನ್ ಬೋಸ್ಕೊ 1815ರಲ್ಲಿ ಉತ್ತರ ಇಟಲಿಯ ಒಂದು ಬಡ ರೈತ ಕುಟುಂಬದಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. 1841ರಲ್ಲಿ ಗುರುಗಳಾಗಿ ಟ್ಯೂರಿನ್ ಪಟ್ಟಣಕ್ಕೆ ಬಂದಾಗ ಅಲ್ಲಿ ಅವರು ಕಂಡದ್ದು ಹಳ್ಳಿಗಳಿಂದ ಕೂಲಿಗೆ ಬಂದ ಹುಡುಗರ ಹಿಂಡನ್ನು. ಗಾರೆ ಹೊರುವವರು, ಕಲ್ಲು ಒಡೆಯುವವರು, ಚಿಮಣಿ ಒರೆಸುವವರು, ಕೆಲಸವಿಲ್ಲದೆ ಬೀದಿಯಲ್ಲಿದ್ದವರು, ಸೆರೆಮನೆಯನ್ನೂ ಕಂಡವರು. 1846ರಲ್ಲಿ ವಾಲ್ದೊಕ್ಕೊ ಎಂಬಲ್ಲಿ ಒಂದು ಮಾಡನ್ನು ಬಾಡಿಗೆಗೆ ಹಿಡಿದು ಅವರು ನೆಲೆ ನಿಂತರು. ಅದೇ ಮುಂದೆ ಬಾಲಕರ ಶಾಲೆ, ವಸತಿಗೃಹ, ಚಮ್ಮಾರಿಕೆ ಹಾಗೂ ಹೊಲಿಗೆಯ ಕಲಿಕಾಶಾಲೆಯಾಗಿ ಬೆಳೆಯಿತು.

ಆ ಶಾಲೆಯ ಮೂವರು ಬಾಲಕರ ಬಾಳನ್ನು ಅವರು ಮೂರು ಪುಸ್ತಕಗಳಾಗಿ ಬರೆದರು. ಮೂವರೂ ಬಾಲ್ಯದಲ್ಲಿಯೇ ತೀರಿಕೊಂಡವರು. ಅವರಲ್ಲಿ ಯಾರೂ ಪದವಿ ಗಳಿಸಲಿಲ್ಲ, ಅಧಿಕಾರ ಹಿಡಿಯಲಿಲ್ಲ, ಶಾಲೆಗೆ ಕಟ್ಟಡ ಕಟ್ಟಿಸಿಕೊಡಲಿಲ್ಲ.

ಮೊದಲನೆಯವನು ದೊಮಿನಿಕ್ ಸಾವಿಯೊ. ತಂದೆ ಕಮ್ಮಾರ, ತಾಯಿ ಬಟ್ಟೆ ಹೊಲಿಯುವವಳು. 1854ರ ಅಕ್ಟೋಬರ್‌ನಲ್ಲಿ ಶಾಲೆಗೆ ಬಂದು, ಆರೋಗ್ಯ ಕೆಟ್ಟು ಮನೆಗೆ ಹೋಗಿ, 1857ರ ಮಾರ್ಚ್ 9ರಂದು ತೀರಿಕೊಂಡ. ಹದಿನೈದು ತುಂಬಲು ಇನ್ನೂ ಮೂರು ವಾರಗಳಿದ್ದವು. ಎರಡನೆಯವನು ಮೈಕೆಲ್ ಮಗೋನೆ. 1857ರ ಶರತ್ಕಾಲದ ಒಂದು ಸಂಜೆ ಬೋಸ್ಕೊ ಗುರುಗಳು ಕಾರ್ಮನ್ಯೋಲ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದಾಗ, ಮಂಜಿನ ನಡುವೆ ಕೂಗಾಡುತ್ತಿದ್ದ ಹುಡುಗರ ಗುಂಪಿನ ನಾಯಕನಾಗಿ ಇವನು ಅವರಿಗೆ ಎದುರಾದ. ತಂದೆಯಿಲ್ಲದ ಹುಡುಗ, ಶಾಲೆಯಿಂದ ಹೊರಹಾಕಲ್ಪಟ್ಟವನು. ವಾಲ್ದೊಕ್ಕೊಗೆ ಬಂದ ಮೇಲೂ ಅವನ ಓಟ, ಕೂಗಾಟಗಳು ನಿಲ್ಲಲಿಲ್ಲ. 1859ರ ಜನವರಿಯಲ್ಲಿ ಹದಿಮೂರರ ವಯಸ್ಸಿಗೆ ತೀರಿಕೊಂಡ. ಮೂರನೆಯವನು ಫ್ರಾನ್ಸಿಸ್ ಬೆಸುಕ್ಕೊ. ಆಲ್ಪ್ಸ್ ಬೆಟ್ಟಗಳ ಅರ್ಜೆಂತೇರ ಎಂಬ ಹಳ್ಳಿಯ ಕುರಿಗಾಹಿ ಹುಡುಗ. 1863ರಲ್ಲಿ ಬಂದು ಕೆಲವೇ ತಿಂಗಳು ಇದ್ದು 1864ರ ಜನವರಿಯಲ್ಲಿ ಮಡಿದ. ಸಾವಿಯೊನ ಚರಿತ್ರೆ 1859ರಲ್ಲಿ, ಮಗೋನೆಯದು 1861ರಲ್ಲಿ, ಬೆಸುಕ್ಕೊನದು 1864ರಲ್ಲಿ ಅಚ್ಚಾದವು. ಹೀಗೆ ಕಮ್ಮಾರನ ಮಗ, ಬೀದಿಯ ಹುಡುಗ, ಕುರಿಗಾಹಿ ಮೂವರೂ ಶಾಲೆಯ ಚರಿತ್ರೆಯಲ್ಲಿ ಸ್ಥಾನ ಪಡೆದರು. 1954ರಲ್ಲಿ ಧರ್ಮಸಭೆ ಸಾವಿಯೊನನ್ನು ಸಂತನೆಂದು ಘೋಷಿಸಿತು. ಉಳಿದ ಇಬ್ಬರಿಗೆ ಆ ಪದವಿ ಬರಲಿಲ್ಲ. ಬರೆಯುವಾಗ ಗುರುಗಳಿಗೆ ಅದಾವುದೂ ತಿಳಿದಿರಲಿಲ್ಲ. ಮೂವರನ್ನೂ ಅವರು ಒಂದೇ ಅಕ್ಕರೆಯಿಂದ ಬರೆದರು.

ಅವರು ಬರೆದ ಬಗೆಯಲ್ಲಿ ನಾವು ಕಲಿಯಬೇಕಾದ ಮೂರು ಪಾಠಗಳಿವೆ.

ಮೊದಲನೆಯದು, ಅವರು ಒಬ್ಬರೇ ಕುಳಿತು ಬರೆಯಲಿಲ್ಲ. ತೀರಿಕೊಂಡ ಬಾಲಕನ ಸಹಪಾಠಿಗಳನ್ನೂ ಉಪಾಧ್ಯಾಯರನ್ನೂ ಊರಿನ ಗುರುಗಳನ್ನೂ ಕೇಳಿ, ಕಂಡದ್ದನ್ನು ಬರೆದುಕೊಡಲು ಹೇಳಿದರು. ಪಕ್ಕದಲ್ಲಿ ಮಲಗುತ್ತಿದ್ದವನು, ಜೊತೆಯಲ್ಲಿ ಉಣ್ಣುತ್ತಿದ್ದವನು, ಅವನೊಡನೆ ಜಗಳವಾಡಿದವನು ಬರೆದುಕೊಟ್ಟ ಚೀಟಿಗಳಿಂದ ಆ ಪುಸ್ತಕಗಳು ಆದವು. ಗುರುಗಳಿಗೆ ಕಾಣುವುದು ತರಗತಿಯಲ್ಲಿನ ಬಾಲಕ. ಗೆಳೆಯನಿಗೆ ಕಾಣುವುದು ಅವನ ಪೂರ್ಣ ರೂಪ.

ಎರಡನೆಯದು, ಅವರು ಸತ್ಯವನ್ನು ಬಿಡಲಿಲ್ಲ. ಸಾವಿಯೊನ ಚರಿತ್ರೆಯ ಮೊದಲ ಮುದ್ರಣದಲ್ಲಿ, ಗೆಳೆಯರು ಹೊಳೆಯಲ್ಲಿ ಈಜಲು ಕರೆದಾಗ ಅವನು ಹೋಗಲಿಲ್ಲವೆಂದು ಬರೆದಿದ್ದರು. ‘ಇಲ್ಲ, ಒಂದು ಸಲ ನನ್ನೊಡನೆ ಬಂದಿದ್ದ’ ಎಂದು ಒಬ್ಬ ಸಹಪಾಠಿ ತಕರಾರು ತೆಗೆದ. ಮುಂದಿನ ಮುದ್ರಣದಲ್ಲಿ ಗುರುಗಳು ಅದನ್ನು ತಿದ್ದಿ, ಒಮ್ಮೆ ಹೋದದ್ದನ್ನೂ ಇನ್ನೊಮ್ಮೆ ನಿರಾಕರಿಸಿದ್ದನ್ನೂ ಎರಡನ್ನೂ ಸೇರಿಸಿದರು. ಬೆಸುಕ್ಕೊ ತಪಸ್ಸಿನ ಅತಿಯಾಸೆಯಿಂದ ಚಳಿಗಾಲದಲ್ಲೂ ಸಾಕಷ್ಟು ಹೊದ್ದುಕೊಳ್ಳದೆ ಮಲಗುತ್ತಿದ್ದನೆಂಬುದನ್ನೂ ಅವರು ಮುಚ್ಚಿಡಲಿಲ್ಲ. ತೀರಿಕೊಂಡವರ ವಿಷಯದಲ್ಲಿ ಒಳ್ಳೆಯದನ್ನೇ ಹೇಳಬೇಕೆಂಬ ರೂಢಿ ನಮ್ಮಲ್ಲಿದೆ. ಅದು ಸೌಜನ್ಯ. ಆದರೆ ಎಲ್ಲರ ವಿಷಯದಲ್ಲೂ ‘ಸರಳ ಸಜ್ಜನ, ಸದಾ ಹಸನ್ಮುಖಿ’ ಎಂದು ಬರೆದರೆ ಅದು ಯಾರ ಚಿತ್ರವೂ ಆಗುವುದಿಲ್ಲ.

ಮೂರನೆಯದು, ಅವರು ತಡಮಾಡಲಿಲ್ಲ. ಸಾವಿಯೊ ತೀರಿಕೊಂಡ ಎರಡು ವರ್ಷಗಳೊಳಗೆ ಪುಸ್ತಕ ಅವನ ಗೆಳೆಯರ ಕೈಯಲ್ಲಿತ್ತು. ಓದುವವರು ಅವನನ್ನು ಕಣ್ಣಾರೆ ಕಂಡವರೇ ಆಗಿದ್ದುದರಿಂದ, ಬರೆದದ್ದನ್ನು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಅವರಿಗೆ ಅಧಿಕಾರವಿತ್ತು.

ಹಳೆಯ ವಿದ್ಯಾರ್ಥಿಗಳ ಸಂಘಗಳ ವಿಷಯವೂ ಇಲ್ಲಿ ಪ್ರಸ್ತುತವಾಗಿದೆ. 1870ರ ಜೂನ್ 24ರಂದು ವಾಲ್ದೊಕ್ಕೊದ ಕೆಲವು ಹಳೆಯ ವಿದ್ಯಾರ್ಥಿಗಳು ತಮ್ಮ ಗುರುಗಳ ನಾಮಹಬ್ಬಕ್ಕೆ ಬಂದು ಕಾಫಿ ಬಟ್ಟಲುಗಳನ್ನು ಕಾಣಿಕೆಯಾಗಿ ಕೊಟ್ಟರು. ಇಂದು ಲೋಕದ ಅನೇಕ ದೇಶಗಳಲ್ಲಿರುವ ಸಲೇಷಿಯನ್ ಹಳೆಯ ವಿದ್ಯಾರ್ಥಿಗಳ ಸಂಘಗಳಿಗೆ ಅದೇ ಆರಂಭ. ಆ ಗುಂಪನ್ನು ಕರೆತಂದವನು ಕಾರ್ಲೊ ಗಾಸ್ತೀನಿ. ಅವನು ಹುಡುಗನಾಗಿದ್ದಾಗ ಕ್ಷೌರದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವನು. ಮುಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತವನು. ಸಂಘವನ್ನು ಹುಟ್ಟುಹಾಕಿದವನು ಕೈಕಸುಬಿನವನೆಂಬುದನ್ನು ನಮ್ಮ ಸಂಘದ ಪದಾಧಿಕಾರಿಗಳು ನೆನಪಿನಲ್ಲಿಡಬೇಕೆಂದು ಪ್ರೀತಿಯಿಂದ ವಿನಂತಿಸುತ್ತೇವೆ.

ಈಗ ನಮ್ಮ ಊರುಗಳಿಗೆ ಮರಳೋಣ. ಈ ಐದು ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಏನಾಗುತ್ತದೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಜೋಳ ಒಣಗುತ್ತದೆ, ಶೇಂಗಾ ಕಾಯಿ ಕಟ್ಟುವುದಿಲ್ಲ, ಮನೆಗೆ ಬೀಗ ಬೀಳುತ್ತದೆ. ಗಂಟುಮೂಟೆಗಳೊಡನೆ ಸಂಸಾರ ಬೆಂಗಳೂರಿನ ಕಟ್ಟಡಗಳ ಕಡೆಗೋ ಮಲೆನಾಡಿನ ಕಾಫಿ ತೋಟಗಳ ಕಡೆಗೋ ಹೊರಡುತ್ತದೆ. ಮೈಲಾರದ ಜಾತ್ರೆಗೋ ಕೊಟ್ಟೂರಿನ ತೇರಿಗೋ ಹೋದ ಹುಡುಗ ಮೂರು ದಿನ ಬಿಟ್ಟು ತರಗತಿಗೆ ಬರುತ್ತಾನೆ. ಗುಳೆ ಹೋದ ಹುಡುಗ ಬರುವುದು ಯಾವಾಗಲೋ, ಬಂದರೂ ಅವನ ಓರಗೆಯವರು ಮುಂದಿನ ತರಗತಿಗೆ ಹೋಗಿರುತ್ತಾರೆ. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಕಡ್ಡಾಯ, ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟ 2009ರ ಶಾಸನ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಹೆಸರನ್ನು ಪಟ್ಟಿಯಲ್ಲಿ ಉಳಿಸಬಲ್ಲದು. ಹುಡುಗನನ್ನು ಬೆಂಚಿನ ಮೇಲೆ ಉಳಿಸಲು ಮನೆಯಲ್ಲಿ ಹಿಟ್ಟಿರಬೇಕು.

ಆದ್ದರಿಂದ ನಮ್ಮ ಶಾಲೆಯ ಮುಕ್ಕಾಲು ಪಾಲು ಚರಿತ್ರೆ ನಡೆದಿರುವುದು ಶಾಲೆಯ ಹೊರಗೆ, ಶಾಲೆ ಬಿಟ್ಟವರ ಬಾಳಿನಲ್ಲಿ. ಏಳನೆಯ ತರಗತಿಗೆ ಓದು ನಿಲ್ಲಿಸಿ, ತಂಗಿಯರಿಬ್ಬರನ್ನು ಓದಿಸಿ ಮದುವೆ ಮಾಡಿದ ಅಣ್ಣನಿದ್ದಾನೆ. ಇಲ್ಲಿ ಕಲಿತ ಮಗ್ಗಿಯಿಂದ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿ ಯಾರಿಗೂ ಮೋಸ ಮಾಡದೆ ಬಾಳಿದವನಿದ್ದಾನೆ. ಲಾರಿ ತೊಳೆಯುತ್ತ ಚಾಲಕನಾಗಿ, ರಸ್ತೆಯ ಮೇಲೆಯೇ ಪ್ರಾಣ ಬಿಟ್ಟವನಿದ್ದಾನೆ. ಗಣಿಯ ಧೂಳಿನಲ್ಲಿ ದುಡಿದು ಕೆಮ್ಮುತ್ತ ಮಲಗಿದವನಿದ್ದಾನೆ. ಕುಡಿತಕ್ಕೆ ಬಿದ್ದು ಹೊಲ ಕಳೆದುಕೊಂಡವನೂ ಇದ್ದಾನೆ. ಬೆತ್ತದ ಏಟಿನ ನೋವಿನಿಂದ ಮತ್ತೆಂದೂ ಶಾಲೆಯ ಕಡೆ ಮುಖ ಮಾಡದವನಿದ್ದಾನೆ. ಅವನ ಮಾತನ್ನೂ ನಾವು
ಕೇಳಬೇಕಾಗಿದೆ, ಏಕೆಂದರೆ ಶಾಲೆಯ ಚರಿತ್ರೆಯೆಂದರೆ ಶಾಲೆಯ ಹೊಗಳಿಕೆಯಲ್ಲ. ಇವರ ಹೆಸರುಗಳನ್ನು ನಾವು ಇಲ್ಲಿ ಹೇಳುವುದಿಲ್ಲ. ಹೇಳಬೇಕಾದವರು ನೀವು; ಅವರ ಪಕ್ಕದಲ್ಲಿ ಕುಳಿತವರು ನೀವು.

ನಮ್ಮ ಸಲಹೆ ಸರಳವಾದದ್ದು. ಇಲ್ಲಿ ನೆರೆದಿರುವ ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಯೂ ಇಂದು ಇಲ್ಲಿಗೆ ಬಾರದ ಒಬ್ಬ ಸಹಪಾಠಿಯ ವಿಷಯವಾಗಿ ಒಂದೇ ಒಂದು ಪುಟವನ್ನು ಬರೆದುಕೊಡಬೇಕು. ತಮ್ಮ ವಿಷಯವಾಗಿ ಬರೆಯಬೇಕಾಗಿಲ್ಲ. ಆ ಪುಟದಲ್ಲಿ ನಾಲ್ಕು ಸಂಗತಿಗಳಿದ್ದರೆ ಸಾಕು. ಅವನು ಯಾವ ಊರಿನಿಂದ, ಯಾರ ಮನೆಯಿಂದ, ಹೇಗೆ ಶಾಲೆಗೆ ಬರುತ್ತಿದ್ದ? ಅವನು ಯಾವುದರಲ್ಲಿ ಗಟ್ಟಿಗನಾಗಿದ್ದ? ಲೆಕ್ಕವೋ, ಕಬಡ್ಡಿಯೋ, ಹಾಡೋ, ಬಿದ್ದವನನ್ನು ಎತ್ತುವುದೋ? ಅವನು ಶಾಲೆ ಬಿಟ್ಟದ್ದೇಕೆ? ಮುಂದೆ ಹೇಗೆ ಬಾಳಿದ, ತೀರಿಕೊಂಡಿದ್ದರೆ ಹೇಗೆ ತೀರಿಕೊಂಡ?

ಬರೆಯಲು ಬಾರದವರು ಹೇಳಿದರೆ ನಮ್ಮ ಯುವಕರು ಬರೆದುಕೊಳ್ಳುತ್ತಾರೆ. ಬದುಕಿರುವವನ ವಿಷಯವಾಗಿದ್ದರೆ ಅವನಿಗೆ ಓದಿ ಹೇಳಿ ಒಪ್ಪಿಗೆ ಪಡೆಯತಕ್ಕದ್ದು. ತೀರಿಕೊಂಡವನಾಗಿದ್ದರೆ ಮನೆಯವರಿಗೆ ಓದಿ ಹೇಳತಕ್ಕದ್ದು. ಮನೆಯ ಮಾನಕ್ಕೆ ಕುಂದು ತರುವ ಮಾತನ್ನು ಹೊಗಳಿಕೆಯಿಂದ ಮುಚ್ಚುವುದಕ್ಕಿಂತ ಬರೆಯದೆ ಬಿಡುವುದು ಲೇಸು. ನಮ್ಮ ಶಾಲೆಯ ಮಕ್ಕಳಲ್ಲಿ ಕ್ರೈಸ್ತರಿಗಿಂತ ಹಿಂದೂಗಳು, ಮುಸಲ್ಮಾನರೇ ಹೆಚ್ಚು. ಒಂದೇ ನಲ್ಲಿಯ ನೀರು ಕುಡಿದವರು ಒಂದೇ ಪುಸ್ತಕದಲ್ಲಿರಲಿ. ಪುಟಗಳನ್ನು ಧರ್ಮಕೇಂದ್ರದ ಕಚೇರಿಯಲ್ಲಿ ದಾಖಲಾತಿ ಪುಸ್ತಕಗಳ ಪಕ್ಕದಲ್ಲಿಯೇ ಇರಿಸಲಾಗುವುದು. ಅಚ್ಚು ಹಾಕಿಸಲು ಹಣವೊದಗಿದರೆ ಒಳ್ಳೆಯದು. ಒದಗದಿದ್ದರೂ ಬರೆದ ಪುಟ ಉಳಿಯುತ್ತದೆ.

‘ಇದರಿಂದ ಪ್ರಯೋಜನವೇನು?’ ಎಂದು ಯಾರಾದರೂ ಕೇಳಬಹುದು. ಸತ್ತವರಿಗೆ ಪ್ರಾರ್ಥನೆ ಸಾಕಲ್ಲವೇ? ನವೆಂಬರ್ 2ರಂದು ಸಕಲ ಮೃತರಿಗಾಗಿ ನಾವು ಪೂಜೆ ಅರ್ಪಿಸುತ್ತೇವೆ. ಆದರೆ ಆ ದಿನ ನೀವು ಚೀಟಿಯಲ್ಲಿ ಬರೆದು ತರುವುದು ಏನನ್ನು? ಹೆಸರುಗಳನ್ನು. ದೇವರಿಗೆ ಎಲ್ಲರೂ ಗೊತ್ತು. ಹೆಸರು ಬೇಕಾಗಿರುವುದು ನಮಗೆ. ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಶುಭಸಂದೇಶ ಹೇಳುತ್ತದೆ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಕುರಿಗಾಹಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಹಟ್ಟಿಗೆ ಬಂದಾಗ ಒಂದು ಮರಿ ಕಡಿಮೆಯಾದರೆ ಅವರು ‘ನೂರಕ್ಕೆ ಒಂದು’ ಎಂದು ಕೈಬಿಡುವುದಿಲ್ಲ. ಯಾವ ಮರಿ, ಯಾವ ಬಣ್ಣ, ಯಾವ ತಾಯಿಯದೆಂದು ಅವರಿಗೆ ಗೊತ್ತಿರುತ್ತದೆ.

ಪ್ರಯೋಜನ ಇಂದಿನ ಮಕ್ಕಳಿಗೂ ಇದೆ. ಗೋಡೆಯ ಮೇಲೆ ದೊಡ್ಡ ಹುದ್ದೆಯವರ ಚಿತ್ರಗಳನ್ನು ಮಾತ್ರ ನೋಡುತ್ತ ಬೆಳೆಯುವ ಹುಡುಗ, ಆ ಗೋಡೆಯ ಮೇಲೆ ತನಗೆ ಜಾಗವಿಲ್ಲವೆಂದು ಬಹು ಬೇಗ ತಿಳಿದುಕೊಳ್ಳುತ್ತಾನೆ. ಹಿಂದಿನ ಬೆಂಚಿನಲ್ಲಿ ಕುಳಿತು, ಎರಡು ಸಲ ನಪಾಸಾಗಿ, ಹಿಟ್ಟಿನ ಗಿರಣಿ ನಡೆಸಿ, ಊರಿನವರಿಗೆ ಬೇಕಾದವನಾಗಿ ಬಾಳಿದ ಒಬ್ಬನ ಕಥೆಯನ್ನು ಅದೇ ಶಾಲೆಯ ಪುಸ್ತಕದಲ್ಲಿ ಓದಿದರೆ, ತನ್ನ ಬಾಳಿಗೂ ಬೆಲೆಯುಂಟೆಂದು ಅವನಿಗೆ ತಿಳಿಯುತ್ತದೆ. ಬೀಚಿಯವರು ನಾಡಿಗೆಲ್ಲ ಪ್ರಿಯನಾಗಿ ಮಾಡಿದ್ದು ಯಾವ ಪಂಡಿತನನ್ನೂ ಅಲ್ಲ, ಪೆದ್ದನಂತೆ ತೋರುವ ತಿಂಮನನ್ನು. ಪ್ರತಿಯೊಂದು ತರಗತಿಯಲ್ಲೂ ಒಬ್ಬ ತಿಂಮನಿದ್ದಾನೆ. ಅವನ ಉತ್ತರಕ್ಕೆ ಎಲ್ಲರೂ ನಗುತ್ತಾರೆ. ಅವನು ಶಾಲೆ ಬಿಟ್ಟ ದಿನ ಯಾರೂ ಗಮನಿಸುವುದಿಲ್ಲ. ನಮ್ಮ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ: ಬಿಟ್ಟ ಕಾರಣವನ್ನು ಪುಸ್ತಕದಲ್ಲಿ ಬರೆಯುವ ಮೊದಲು ಒಂದು ಸಲ ಆ ಮನೆಯವರೆಗೆ ನಡೆದು ಹೋಗಿರಿ. ಕೆಲವು ಸಲ ಆ ಕಲಮನ್ನು ತುಂಬಬೇಕಾದ ಪ್ರಸಂಗವೇ ತಪ್ಪೀತು.

ನೂರು ವರ್ಷಗಳ ಹಬ್ಬಕ್ಕೆ ದೇವಾಲಯಕ್ಕೆ ಸುಣ್ಣಬಣ್ಣವಾಗಿದೆ, ಗಂಟೆಗೋಪುರ ದುರಸ್ತಿಯಾಗಿದೆ, ದಾನಿಗಳ ಹೆಸರುಗಳು ಕಲ್ಲಿನ ಮೇಲೆ ಮೂಡಿವೆ. ಅವರೆಲ್ಲರಿಗೂ ನಮ್ಮ ಕೃತಜ್ಞತೆಗಳು. ಇನ್ನು ಉಳಿದಿರುವ ಕೆಲಸಕ್ಕೆ ಸುಣ್ಣವೂ ಬೇಡ, ಕಲ್ಲೂ ಬೇಡ. ಒಂದು ಹಾಳೆ, ಒಂದು ಲೇಖನಿ, ಒಂದು ಗಂಟೆಯ ಹೊತ್ತು ಸಾಕು. ಹೊರ ಬಾಗಿಲಿನ ಬಳಿ ಯುವಕರು ಕಾಗದಗಳನ್ನು ಇರಿಸಿಕೊಂಡು ಕುಳಿತಿದ್ದಾರೆ. ಊಟಕ್ಕೆ ಹೋಗುವ ಮೊದಲು ನಿಮ್ಮ ಗೆಳೆಯನ ಹೆಸರನ್ನೂ ಊರನ್ನೂ ಬರೆಸಿ ಹೋಗಿರಿ. ಉಳಿದದ್ದನ್ನು ಈ ತಿಂಗಳೊಳಗೆ ಬರೆದು ಕಳಿಸಿರಿ.

ಈ ಶಾಲೆಯಲ್ಲಿ ಅಕ್ಷರ ಕಲಿತ ಎಲ್ಲರಿಗೂ, ಕಲಿಯುತ್ತಿರುವವರಿಗೂ, ಕಲಿಸಿದವರಿಗೂ ದೇವರ ಆಶೀರ್ವಾದವಿರಲಿ. ತೀರಿಕೊಂಡವರಿಗೆ ನಿತ್ಯ ಶಾಂತಿ ದೊರೆಯಲಿ ಎಂದು ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.